ಕಿವಿಯೊಳಗಣ ನೀರು, ಕಡಲ ಮೇಲಣ ಕತ್ತಲೆ

ನೆಲದ ಮೇಲೆ ನಡೆದಾಡುವ ನಮಗೆ ಮೇಲು ಯಾವುದು, ಕೆಳಗು ಯಾವುದು ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ. ಕಣ್ಣು ಮುಚ್ಚಿ ನಿಂತರೂ, ಕಗ್ಗತ್ತಲೆಯ ಕೋಣೆಯಲ್ಲಿ ಹಾಸಿಗೆಯ ಮೇಲೆ ಮಗ್ಗುಲು ಹೊರಳಿದರೂ, ನೆಲವಿರುವುದು ಇತ್ತ, ಸೂರು ಇರುವುದು ಅತ್ತ ಎಂಬ ಅರಿವು ನಮ್ಮನ್ನು ಬಿಟ್ಟು ಹೋಗುವುದಿಲ್ಲ. ಉಸಿರಾಟದಂತೆ ತನ್ನಷ್ಟಕ್ಕೆ ತಾನೇ ನಡೆಯುವ ವ್ಯಾಪಾರವಾದುದರಿಂದಲೋ ಏನೋ, ಹಿರಿಯರು ಇದನ್ನು ಪಂಚೇಂದ್ರಿಯಗಳ ಸಾಲಿನಲ್ಲಿ ಎಣಿಸಲೂ ಇಲ್ಲ. ಆದರೆ ಎಣಿಕೆಗೆ ಸಿಗದ ಈ ಆರನೆಯ ಇಂದ್ರಿಯವೂ ಉಳಿದವುಗಳಂತೆಯೇ ತಪ್ಪಬಲ್ಲುದು. ಕಣ್ಣು ಮಂಜಾದರೆ ಮಂಜಾಯಿತೆಂದು ತಿಳಿಯುತ್ತದೆ, ಕಿವಿ ಮಂದವಾದರೆ ಮಂದವಾಯಿತೆಂದು ತಿಳಿಯುತ್ತದೆ. ಇದು ತಪ್ಪಿದಾಗ ಮಾತ್ರ ತಪ್ಪಿತೆಂಬ ಸುಳಿವು ಒಳಗಿನಿಂದ ಬರುವುದಿಲ್ಲ. 1999ರ ಜುಲೈ 16ರ ರಾತ್ರಿ ಅಮೆರಿಕದ ಪೂರ್ವ ಕರಾವಳಿಯಾಚೆಯ ಕಡಲಿನಲ್ಲಿ ವಿಮಾನವೊಂದು ಬಿದ್ದು ಮೂವರು ಪ್ರಾಣ ಕಳೆದುಕೊಂಡದ್ದು ಇದರಿಂದ.

ವಿಮಾನವನ್ನು ನಡೆಸುತ್ತಿದ್ದವರು ಜಾನ್ ಎಫ್. ಕೆನಡಿ ಜೂನಿಯರ್. 1963ರ ನವೆಂಬರಿನಲ್ಲಿ ಹತರಾದ ಅಧ್ಯಕ್ಷ ಕೆನಡಿಯವರ ಶವಯಾತ್ರೆಯಲ್ಲಿ, ತಾಯಿಯ ಪಕ್ಕದಲ್ಲಿ ನಿಂತು ಪುಟ್ಟ ಕೈಯನ್ನು ಹಣೆಗೆತ್ತಿ ತಂದೆಗೆ ವಂದನೆ ಸಲ್ಲಿಸಿದ ಮೂರು ವರ್ಷದ ಬಾಲಕನ ಚಿತ್ರವನ್ನು ಒಮ್ಮೆ ಕಂಡವರು ಮರೆತಿರಲಾರರು. ಆ ಬಾಲಕನೇ ಈಗ 38 ವರ್ಷದ ಗೃಹಸ್ಥ. ಜೊತೆಯಲ್ಲಿ ಪತ್ನಿ ಕ್ಯಾರೊಲಿನ್, ಪತ್ನಿಯ ಅಕ್ಕ. ಅಕ್ಕನನ್ನು ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದಲ್ಲಿ ಇಳಿಸಿ, ಅಲ್ಲಿಂದ ಹಯಾನಿಸ್ ಎಂಬ ಊರಿಗೆ ಬಂಧುಗಳ ಮದುವೆಗೆ ಹೋಗುವುದು ಅವರ ಉದ್ದೇಶವಾಗಿತ್ತು. ಪೈಪರ್ ಸಾರಟೋಗ ಎಂಬ, ಒಂದೇ ಎಂಜಿನ್ನಿನ ಆ ಪುಟ್ಟ ವಿಮಾನವು ನ್ಯೂಜೆರ್ಸಿಯ ಎಸೆಕ್ಸ್ ಕೌಂಟಿ ನಿಲ್ದಾಣದಿಂದ ರಾತ್ರಿ 8 ಗಂಟೆ 38 ನಿಮಿಷಕ್ಕೆ ಮೇಲೇರಿದಾಗ ಸೂರ್ಯ ಆಗಲೇ ಮುಳುಗಿದ್ದ. ಕೆನಡಿಯವರು ಈ ದಾರಿಗೆ ಹೊಸಬರೇನೂ ಅಲ್ಲ. ಹಿಂದಿನ ಹದಿನೈದು ತಿಂಗಳಲ್ಲಿ, ಹೋಗುವುದೂ ಬರುವುದೂ ಸೇರಿ, ಈ ದಾರಿಯಲ್ಲಿ ಸುಮಾರು 35 ಸಲ ಹಾರಿದ್ದರು. 1998ರ ಏಪ್ರಿಲಿನಲ್ಲಿ ಪರವಾನಗಿ ಪಡೆದ ಅವರ ಒಟ್ಟು ಹಾರಾಟದ ಅನುಭವ ಸುಮಾರು 310 ಗಂಟೆ, ಅದರಲ್ಲಿ ರಾತ್ರಿಯದು ಸುಮಾರು 55 ಗಂಟೆ. ಜೊತೆಗೆ ಬರುವೆನೆಂದ ಶಿಕ್ಷಕನೊಬ್ಬನಿಗೆ, ಒಬ್ಬನೇ ಹೋಗಬೇಕೆಂದಿದ್ದೇನೆ ಎಂದು ಅವರು ಹೇಳಿದ್ದರೆಂಬ ಸಂಗತಿ ತನಿಖೆಯ ವರದಿಯಲ್ಲಿ ದಾಖಲಾಗಿದೆ.

ವಿಮಾನ ಚಾಲನೆಯಲ್ಲಿ ಎರಡು ಬಗೆಯ ನಿಯಮಗಳುಂಟು. ಹೊರಗಿನ ನೆಲ, ಬಾನು, ದೀಪಗಳನ್ನು ಕಣ್ಣಾರೆ ಕಾಣುತ್ತ ಅವುಗಳ ಆಧಾರದ ಮೇಲೆ ಹಾರುವುದು ಒಂದು. ಹೊರಗೆ ಏನೂ ಕಾಣದಿದ್ದರೂ ಮುಂದಿರುವ ಹಲಗೆಯ ಉಪಕರಣಗಳನ್ನೇ ಓದುತ್ತ ಹಾರುವುದು ಇನ್ನೊಂದು. ಎರಡನೆಯದಕ್ಕೆ ಪ್ರತ್ಯೇಕ ಶಿಕ್ಷಣ, ಪ್ರತ್ಯೇಕ ಪರೀಕ್ಷೆ ಬೇಕು. ಕೆನಡಿಯವರು ಆ ಶಿಕ್ಷಣದ ಅರ್ಧದಷ್ಟನ್ನು ಮಾತ್ರ ಮುಗಿಸಿದ್ದರು. ಆದರೆ ಅಂದಿನ ಹವಾಮಾನದ ಮುನ್ಸೂಚನೆಯಂತೆ ದೃಷ್ಟಿಯ ಆಧಾರದ ಹಾರಾಟಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ನಮ್ಮ ದೇಶದಲ್ಲಿ ಸೂರ್ಯಾಸ್ತದ ಅನಂತರ ಇಂತಹ ಹಾರಾಟಕ್ಕೆ ಸಾಮಾನ್ಯವಾಗಿ ಅನುಮತಿ ದೊರೆಯುವುದಿಲ್ಲ, ಅಮೆರಿಕದಲ್ಲಿ ದೊರೆಯುತ್ತದೆ. ಆದ್ದರಿಂದ ಅವರು ಕಾನೂನನ್ನು ಮೀರಿದರೆಂದು ಹೇಳಲಾಗದು. ಕಾನೂನು ಅನುಮತಿಸಿದ ಕಾರ್ಯವೆಲ್ಲ ಶರೀರಕ್ಕೆ ಸಾಧ್ಯವೇ ಎಂಬುದು ಬೇರೆ ಮಾತು, ಮತ್ತು ಈ ಅಧ್ಯಾಯದ ವಿಷಯ ಅದೇ.

ಕನೆಕ್ಟಿಕಟ್ ರಾಜ್ಯದ ತೀರದುದ್ದಕ್ಕೂ 5,500 ಅಡಿ ಎತ್ತರದಲ್ಲಿ ಸಾಗುವವರೆಗೆ ಕೆಳಗೆ ಊರುಗಳ ದೀಪಸಾಲು ಕೈ ಹಿಡಿದು ನಡೆಸುತ್ತಿತ್ತು. ಆಮೇಲೆ ತೀರ ಹಿಂದಾಯಿತು, ಮುಂದೆ ಕಡಲು. ಬೇಸಗೆಯ ತೇವದ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು ನೀರನ್ನು ಹೀರಿಕೊಂಡು ಉಬ್ಬಿ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಉಂಟಾಗುವ ಮಬ್ಬು ಅಂದು ಅಲ್ಲಿ ಹರಡಿತ್ತು. ಅಮಾವಾಸ್ಯೆ ಕಳೆದು ಮೂರು ದಿನವಾದುದರಿಂದ ಚಂದ್ರನದು ತೆಳುವಾದ ಒಂದು ಗೆರೆ ಮಾತ್ರ. ಮಂಜಿಗೂ ಈ ಮಬ್ಬಿಗೂ ವ್ಯತ್ಯಾಸವಿದೆ: ಮಂಜು ಅಡ್ಡಗೋಡೆಯಂತೆ ಎದುರು ನಿಂತು ತಾನಿರುವುದನ್ನು ಸಾರುತ್ತದೆ, ಈ ಮಬ್ಬಾದರೋ ಕಡಲನ್ನೂ ಬಾನನ್ನೂ ಬೇರ್ಪಡಿಸುವ ಗೆರೆಯೊಂದನ್ನು ಮೆಲ್ಲನೆ ಒರಸಿ ಹಾಕಿ ಸುಮ್ಮನಾಗುತ್ತದೆ. ಮಳೆಗಾಲ ಹತ್ತಿರವಾದ ಸಂಜೆ ಕಾರವಾರದ ಮರಳಿನ ಮೇಲೆ ಕುಳಿತು ಪಶ್ಚಿಮವನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ; ದೂರದ ದೋಣಿಯ ದೀಪ ನೀರಿನ ಮೇಲಿದೆಯೋ ಆಕಾಶದಲ್ಲಿ ತೂಗುತ್ತಿದೆಯೋ ಎಂದು ನಿರ್ಣಯಿಸಲಾಗದ ಒಂದು ಗಳಿಗೆ ಬರುತ್ತದೆ. ಅದೇ ರಾತ್ರಿ ಅದೇ ಕಡಲಿನ ಮೇಲೆ ಹಾರಿದ ಮತ್ತೊಬ್ಬ ಚಾಲಕ, ದ್ವೀಪದ ಕಡೆಗೆ ತಿರುಗಿ ನೋಡಿದಾಗ ಒಂದು ದೀಪವೂ ಕಾಣದೆ, ಅಲ್ಲಿ ವಿದ್ಯುತ್ತು ಹೋಗಿರಬೇಕೆಂದು ಭಾವಿಸಿದ್ದನಂತೆ. ವಿದ್ಯುತ್ತು ಹೋಗಿರಲಿಲ್ಲ.

ರೇಡಾರ್ ಉಳಿಸಿಟ್ಟ ಗುರುತುಗಳಿಂದ ಕೊನೆಯ ನಿಮಿಷಗಳನ್ನು ಅಕ್ಷರಶಃ ಓದಬಹುದು. ದ್ವೀಪದಿಂದ ಸುಮಾರು 34 ಮೈಲಿ ದೂರದಲ್ಲಿ ವಿಮಾನ ಇಳಿಯಲು ತೊಡಗಿತು. ಅದು ಕ್ರಮವಾದ ಇಳಿತ. 9 ಗಂಟೆ 38 ನಿಮಿಷದ ಹೊತ್ತಿಗೆ ಬಲಕ್ಕೆ ತಿರುಗಿತು. 2,200 ಅಡಿಗಳಲ್ಲಿ ಇಳಿಯುವುದನ್ನು ನಿಲ್ಲಿಸಿ ಮತ್ತೆ ಏರಿತು, 2,500 ಅಡಿಗಳಲ್ಲಿ ನೆಟ್ಟಗೆ ಸಾಗಿತು, ಎಡಕ್ಕೆ ಹೊರಳಿ 2,600 ಅಡಿ ಮುಟ್ಟಿತು, ಮತ್ತೆ ಬಲಕ್ಕೆ. ಈ ಕೊನೆಯ ಬಲತಿರುವಿನಲ್ಲಿ ರೆಕ್ಕೆಗಳು 45 ಡಿಗ್ರಿಗೂ ಮೀರಿ ವಾಲಿದವು, ಇಳಿಯುವ ವೇಗ ನಿಮಿಷಕ್ಕೆ 4,700 ಅಡಿಯಾಯಿತು, 1,100 ಅಡಿ ಎತ್ತರದಲ್ಲಿ ಗುರುತು ನಿಂತುಹೋಯಿತು. ಆ ವೇಗಕ್ಕೆ ಉಳಿದ ಎತ್ತರ ಹದಿನಾಲ್ಕು ಸೆಕೆಂಡುಗಳ ದಾರಿ. ದಾರಿ ತಪ್ಪಿದವನು ತಡವರಿಸುವ ಬಗೆಯಲ್ಲಿಯೇ ಈ ರೇಖೆ ಅತ್ತಿತ್ತ ಹೊಯ್ದಾಡಿದೆ. ಅದನ್ನು ಕಾಗದದ ಮೇಲೆ ಬೆರಳಿಟ್ಟು ಅನುಸರಿಸುವಾಗ ಎದೆ ಭಾರವಾಗದೆ ಇರುವುದಿಲ್ಲ.

ಆ ಆಸನದಲ್ಲಿ ಕುಳಿತವರ ಕಿವಿಯೊಳಗೆ ಏನು ನಡೆದಿರಬಹುದು? ಅದನ್ನು ತಿಳಿಯಲು ಯಂತ್ರಾಗಾರ ಬೇಡ, ಅಡುಗೆಮನೆ ಸಾಕು. ಅಗಲವಾದ ಒಂದು ಬೋಗುಣಿಯಲ್ಲಿ ನೀರು ತುಂಬಿ, ಅಂಚಿನ ಬಳಿ ಒಂದು ತುಳಸೀದಳವನ್ನು ತೇಲಬಿಟ್ಟು, ಬೋಗುಣಿಯನ್ನು ನೆಲದ ಮೇಲೆಯೇ ಮೆಲ್ಲನೆ ತಿರುಗಿಸಿರಿ. ಪಾತ್ರೆ ತಿರುಗುತ್ತದೆ, ದಳ ಇದ್ದಲ್ಲಿಯೇ ಇರುತ್ತದೆ. ನೀರಿನ ಜಡತ್ವ ಅದನ್ನು ಹಿಡಿದಿದೆ. ಬಿಡದೆ ಒಂದೇ ಸಮನಾಗಿ ತಿರುಗಿಸುತ್ತ ಹೋದರೆ, ಸ್ವಲ್ಪ ಹೊತ್ತಿನಲ್ಲಿ ನೀರೂ ಪಾತ್ರೆಯೊಡನೆ ಸುತ್ತತೊಡಗಿ, ದಳವೂ ಅಂಚೂ ಜೊತೆಜೊತೆಯಾಗಿ ಸಾಗುತ್ತವೆ. ಅಂಚಿನ ಮೇಲೆ ಕುಳಿತ ಇರುವೆಯೊಂದು ದಳವನ್ನು ಮಾತ್ರ ನೋಡುತ್ತಿದ್ದರೆ ತಾನು ತಿರುಗುತ್ತಲೇ ಇಲ್ಲವೆಂದು ತಿಳಿದೀತು. ಈಗ ಪಾತ್ರೆಯನ್ನು ತಟ್ಟನೆ ನಿಲ್ಲಿಸಿರಿ. ಪಾತ್ರೆ ನಿಂತಿತು, ದಳ ಮುಂದೆ ಓಡಿತು. ನಿಂತ ಇರುವೆಗೆ ಈಗ ತಾನು ಹಿಮ್ಮುಖವಾಗಿ ತಿರುಗುತ್ತಿರುವಂತೆ ತೋರುತ್ತದೆ.

ನಮ್ಮ ಒಂದೊಂದು ಒಳಕಿವಿಯಲ್ಲಿಯೂ ಇಂತಹ ಬೋಗುಣಿಗಳು ಮೂರು ಇವೆ. ಪರಸ್ಪರ ಲಂಬವಾಗಿರುವ ಮೂರು ಸಮತಲಗಳಲ್ಲಿ ಬಾಗಿ ನಿಂತ ಅರ್ಧವೃತ್ತಾಕಾರದ ನಾಳಗಳು ಅವು. ಒಳಗೆ ದ್ರವ, ದ್ರವಕ್ಕೆ ಅಡ್ಡಲಾಗಿ ಲೋಳೆಯ ಒಂದು ಪುಟ್ಟ ಪರದೆ, ಪರದೆಯ ಬುಡದಲ್ಲಿ ಕೂದಲಿನಂತಹ ಎಳೆಗಳುಳ್ಳ ಜೀವಕೋಶಗಳು. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ, ಪರದೆ ಬಾಗುತ್ತದೆ, ಕೂದಲು ಬಾಗಿದ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಮರದಿಂದ ಮರಕ್ಕೆ ನೆಗೆಯುವ, ಬೇಟೆಯ ಬೆನ್ನಟ್ಟಿ ಓಡುವ ಪ್ರಾಣಿಗೆ ಇದಕ್ಕಿಂತ ಸೊಗಸಾದ ಏರ್ಪಾಡು ಬೇಕಿಲ್ಲ, ಏಕೆಂದರೆ ನೆಲದ ಮೇಲಣ ತಿರುವುಗಳೆಲ್ಲ ಕ್ಷಣಮಾತ್ರದವು. ಆದರೆ ಒಂದೇ ವೇಗದ ತಿರುವು ಹತ್ತಿಪ್ಪತ್ತು ಸೆಕೆಂಡುಗಳ ಕಾಲ ಮುಂದುವರಿದರೆ ದ್ರವವು ನಾಳದ ಜೊತೆಗೂಡುತ್ತದೆ, ಪರದೆ ನೆಟ್ಟಗಾಗುತ್ತದೆ, ತಿರುವು ನಿಂತಿತೆಂಬ ಸುಳ್ಳು ವರದಿ ಮಿದುಳಿಗೆ ಹೋಗುತ್ತದೆ. ಸೆಕೆಂಡಿಗೆ ಸುಮಾರು ಎರಡು ಡಿಗ್ರಿಗಿಂತ ನಿಧಾನವಾದ ತಿರುವಾದರೆ ಮೊದಲ ವರದಿಯೂ ಹೋಗುವುದಿಲ್ಲ.

ನಾಳಗಳ ಪಕ್ಕದಲ್ಲಿಯೇ ಸುಣ್ಣದ ಸೂಕ್ಷ್ಮ ಹರಳುಗಳನ್ನು ಹೊತ್ತ ಎರಡು ಚೀಲಗಳಿವೆ. ಗುರುತ್ವವು ಆ ಹರಳುಗಳನ್ನು ಎಳೆಯುವ ದಿಕ್ಕೇ ನಮಗೆ ಕೆಳಗು. ನಾಳಗಳು ಮರೆತುದನ್ನು ಇವಾದರೂ ನೆನಪಿಸಬಾರದೆ ಎಂದರೆ, ವಿಮಾನದಲ್ಲಿ ಇವೂ ಕೈಕೊಡುತ್ತವೆ. ಸರಿಯಾಗಿ ವಾಲಿ ತಿರುಗುವ ವಿಮಾನದಲ್ಲಿ ಗುರುತ್ವವೂ ತಿರುವಿನ ಕೇಂದ್ರಾಪಗಾಮಿ ಬಲವೂ ಕೂಡಿ ಉಂಟಾಗುವ ಒಟ್ಟು ಎಳೆತವು ನೆಲದ ಕಡೆಗಲ್ಲ, ಆಸನದ ಕಡೆಗೆ ಇರುತ್ತದೆ; 45 ಡಿಗ್ರಿ ವಾಲಿದ ವಿಮಾನದ ತಟ್ಟೆಯ ಮೇಲೆ ಲೋಟದಲ್ಲಿ ನೀರಿಟ್ಟರೆ ಅದು ತುಳುಕುವುದೂ ಇಲ್ಲ, ಓರೆಯಾಗುವುದೂ ಇಲ್ಲ. ಮೈತೂಕ ಒಂದೂಕಾಲಿಗಿಂತ ಮಿಗಿಲಾಗಿ, ಹತ್ತಿರಹತ್ತಿರ ಒಂದೂವರೆಯಷ್ಟಾಗಿ, ಆಸನಕ್ಕೆ ತುಸು ಒತ್ತಿ ಕುಳಿತಂತೆ ಭಾಸವಾಗುವುದು ಬಿಟ್ಟರೆ ಬೇರೆ ಕುರುಹಿಲ್ಲ. ಲೋಟದ ನೀರಿಗೆ ತಿಳಿಯದ್ದು ಕಿವಿಯ ಹರಳಿಗೆ ತಿಳಿದೀತು ಹೇಗೆ?

ಈ ಸತ್ಯವನ್ನು ಮನುಷ್ಯನು ಅರಿತದ್ದು ಬಹು ನಿಧಾನವಾಗಿ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಫ್ರಾನ್ಸಿನ ಫ್ಲೂರೆನ್ಸ್ ಪಾರಿವಾಳಗಳ ಅರ್ಧವೃತ್ತ ನಾಳಗಳನ್ನು ಕತ್ತರಿಸಿದಾಗ, ಅವು ಕೇಳುವುದನ್ನು ಬಿಡದೆ, ನೆಟ್ಟಗೆ ನಿಲ್ಲುವುದನ್ನು ಬಿಟ್ಟವು. ರೈಲು ವಕ್ರಪಥದಲ್ಲಿ ಸಾಗುವಾಗ ಕಿಟಕಿಯಾಚೆಯ ಮನೆಮರಗಳೆಲ್ಲ ಓರೆಯಾಗಿ ನಿಂತಂತೆ ಕಂಡುದನ್ನು ಗಮನಿಸಿದ ಅರ್ನ್‌ಸ್ಟ್ ಮಾಖ್, ಆ ಒಂದು ಕುತೂಹಲವನ್ನೇ ಹಿಡಿದು 1870ರ ದಶಕದಲ್ಲಿ ಸಮತೋಲದ ಶಾಸ್ತ್ರಕ್ಕೆ ತಳಹದಿ ಹಾಕಿದನು. ಸಾವಿರಾರು ಜನ ಪ್ರತಿದಿನ ಕಂಡು ಬಿಟ್ಟುಬಿಡುವುದನ್ನು ಒಬ್ಬನು ಬಿಡದೆ ಹಿಡಿಯುವುದೇ ವಿಜ್ಞಾನದ ಜನ್ಮಸ್ಥಾನವೆಂದು ನನಗೆ ಅನೇಕ ಸಲ ಅನಿಸಿದೆ. ಕಿವಿಗೆ ತಣ್ಣೀರು ಚಿಮುಕಿಸಿದ ರೋಗಿಗಳು ತಲೆ ತಿರುಗುತ್ತದೆಂದು ದೂರಿದುದರಿಂದ ಹೊರಟ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ, ತಿರುಗುವ ಕುರ್ಚಿಯೊಂದರಲ್ಲಿ ಜನರನ್ನು ಕೂರಿಸಿ ನಾಳಗಳ ಕಾರ್ಯವನ್ನು ನಿಷ್ಕರ್ಷಿಸಿ, 1914ನೆಯ ವರ್ಷದ ನೊಬೆಲ್ ಪಾರಿತೋಷಕಕ್ಕೆ ಪಾತ್ರನಾದನು; ಆ ಸುದ್ದಿ ಮುಟ್ಟಿದಾಗ ಅವನು ರಷ್ಯನ್ನರ ಕೈಯಲ್ಲಿ ಯುದ್ಧಕೈದಿಯಾಗಿದ್ದನು.

ಬಾರಾನಿಯ ಕುರ್ಚಿಯನ್ನು ವೈಮಾನಿಕರ ಕೋಣೆಗೆ ತಂದ ಕಥೆಯೇ ಒಂದು ಸ್ವಾರಸ್ಯ. 1926ರಲ್ಲಿ ಅಮೆರಿಕದ ಸೈನ್ಯದ ವೈದ್ಯನೊಬ್ಬನು ವಿಲಿಯಂ ಆಕರ್ ಎಂಬ ನುರಿತ ವೈಮಾನಿಕನನ್ನು ಕಣ್ಣು ಮುಚ್ಚಿಸಿ ಅದರಲ್ಲಿ ಕೂರಿಸಿ ತಿರುಗಿಸಿದನು. ಯಾವ ಕಡೆಗೆ ತಿರುಗುತ್ತಿರುವೆ ಎಂಬ ಪ್ರಶ್ನೆಗೆ, ವರ್ಷಗಟ್ಟಲೆ ಬಾನಿನಲ್ಲಿ ಬದುಕಿದ ಆ ಮನುಷ್ಯನು ತಪ್ಪು ಉತ್ತರ ಕೊಟ್ಟನು. ನಿಂತ ಕುರ್ಚಿ ತಿರುಗುತ್ತಿದೆ ಎಂದನು, ತಿರುಗುತ್ತಿದ್ದ ಕುರ್ಚಿ ನಿಂತಿದೆ ಎಂದನು. ಅವನಿಗೆ ಅವಮಾನವಾಗಲಿಲ್ಲ, ಎಚ್ಚರವಾಯಿತು. ತಿರುವನ್ನು ತೋರಿಸುವ ಒಂದು ಗೈರೋಸ್ಕೋಪ್ ಉಪಕರಣವನ್ನು ಪೆಟ್ಟಿಗೆಯೊಂದರಲ್ಲಿ ಅಡಗಿಸಿ ತಂದು, ಪೆಟ್ಟಿಗೆಯೊಳಗೆ ಇಣುಕುತ್ತ ಮತ್ತೆ ಕುರ್ಚಿಯಲ್ಲಿ ಕುಳಿತನು. ಈ ಸಲ ಒಂದು ಉತ್ತರವೂ ತಪ್ಪಲಿಲ್ಲ. ದೇಹದ ಮಾತನ್ನು ತಳ್ಳಿಹಾಕಿ ಮುಳ್ಳಿನ ಮಾತನ್ನು ನಂಬಬೇಕೆಂಬ ಪಾಠವನ್ನು ಕಲಿಸಲು ಆಕರ್ ಅಲ್ಲಿಂದ ಮುಂದೆ ಪಟ್ಟ ಶ್ರಮ ಅಲ್ಪವಲ್ಲ. ತಮ್ಮ ಬೆನ್ನು ಮತ್ತು ಆಸನದ ಅನುಭವವೇ ಪರಮಪ್ರಮಾಣವೆಂದು ನಂಬಿದ ಹಳೆಯ ವೈಮಾನಿಕರು ಅದನ್ನು ಸುಲಭವಾಗಿ ಒಪ್ಪಲಿಲ್ಲ.

ಗೈರೋಸ್ಕೋಪೆಂದರೆ ಹೆಸರಷ್ಟೇ ದೊಡ್ಡದು, ಬೇರೇನಲ್ಲ, ನಮ್ಮ ಬುಗುರಿ. ವೇಗವಾಗಿ ಸುತ್ತುವ ಬುಗುರಿ ತನ್ನ ಅಕ್ಷದ ದಿಕ್ಕನ್ನು ಬಿಟ್ಟುಕೊಡದು. ಅದನ್ನು ಎಲ್ಲ ಕಡೆಗೂ ತಿರುಗಬಲ್ಲ ಬಳೆಗಳ ಚೌಕಟ್ಟಿನಲ್ಲಿ ತೂಗಿಬಿಟ್ಟರೆ, ಹೊರಗಿನ ವಿಮಾನ ಹೇಗೆ ವಾಲಿದರೂ ಒಳಗಿನ ಬುಗುರಿ ನೆಟ್ಟಗೆ ನಿಲ್ಲುತ್ತದೆ. ಅದಕ್ಕೆ ಒಂದು ಗೆರೆಯನ್ನು ಜೋಡಿಸಿ ಗಾಜಿನ ಹಿಂದೆ ತೋರಿಸಿದರೆ ಅದೇ ಕೃತಕ ದಿಗಂತ: ಮಬ್ಬು ಒರಸಿಹಾಕಿದ ಗೆರೆಯನ್ನು ಅಂಗೈಯಗಲದ ಗಾಜಿನೊಳಗೆ ಮತ್ತೆ ಎಳೆದು ಕೊಡುವ ಯಂತ್ರ. 1929ರ ಸೆಪ್ಟೆಂಬರ್ 24ರಂದು ಜೇಮ್ಸ್ ಡೂಲಿಟಲ್ ಎಂಬ ವೈಮಾನಿಕನು ತನ್ನ ಆಸನದ ಮೇಲೆ ದಟ್ಟವಾದ ಹೊದಿಕೆ ಹಾಕಿಸಿಕೊಂಡು, ಹೊರಗಿನ ಬೆಳಕಿನ ಒಂದು ಕಿರಣವನ್ನೂ ಕಾಣದೆ, ಕೇವಲ ಉಪಕರಣಗಳನ್ನು ನೋಡಿ ಮೇಲೇರಿ, ಸುತ್ತಿ, ಕೆಳಗಿಳಿದನು. ಹದಿನೈದು ನಿಮಿಷಗಳ ಆ ಹಾರಾಟ ನಡೆದದ್ದು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ. ಎಪ್ಪತ್ತು ವರ್ಷಗಳ ಬಳಿಕ ಕೆನಡಿಯವರು ಹಾರಿಹೋದ ತೀರ ಅಲ್ಲಿಂದ ನೀರಿನ ಒಂದು ಕವಲಿನ ಆಚೆಗಿದೆ.

ಉಪಕರಣ ಓದಲು ಕಲಿಯದ ಚಾಲಕನ ದೃಷ್ಟಿ ಮರೆಯಾದರೆ ಎಷ್ಟು ಹೊತ್ತು ಉಳಿದಾನು? 1954ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಇದನ್ನು ಅಳೆದು ನೋಡಿದರು. ಇಪ್ಪತ್ತು ಮಂದಿ ಕಲಿಕೆಯವರನ್ನು, ಪಕ್ಕದಲ್ಲಿ ಶಿಕ್ಷಕನನ್ನು ಕೂರಿಸಿ, ಹೊರಗು ಕಾಣದಂತೆ ಮಾಡಿ ಹಾರಲು ಬಿಟ್ಟಾಗ, ಇಪ್ಪತ್ತು ಮಂದಿಯೂ ವಿಮಾನದ ಮೇಲಣ ಹತೋಟಿಯನ್ನು ಕಳೆದುಕೊಂಡರು. ಒಬ್ಬನು 20 ಸೆಕೆಂಡು, ಇನ್ನೊಬ್ಬನು 480 ಸೆಕೆಂಡು. ಸರಾಸರಿ 178 ಸೆಕೆಂಡು, ಎಂದರೆ ಮೂರು ನಿಮಿಷಕ್ಕೂ ಎರಡು ಸೆಕೆಂಡು ಕಡಮೆ. ಅವರಲ್ಲಿ ಹತ್ತೊಂಬತ್ತು ಮಂದಿಯದು ಒಂದೇ ಬಗೆಯ ಪತನ, ಸುರುಳಿ ಸುತ್ತುತ್ತ ಇಳಿಯುವುದು. ವೈಮಾನಿಕರು ಇದಕ್ಕೆ ಸ್ಮಶಾನದ ಸುರುಳಿ ಎಂಬರ್ಥದ ಹೆಸರಿಟ್ಟಿದ್ದಾರೆ.

ಸುರುಳಿಯ ಕ್ರಮ ಹೀಗೆ. ರೆಕ್ಕೆ ಅರಿವಿಗೆ ಬಾರದಷ್ಟು ಮೆಲ್ಲನೆ ವಾಲುತ್ತದೆ. ವಾಲಿದ ರೆಕ್ಕೆಯ ಎತ್ತುವ ಬಲದಲ್ಲಿ ಒಂದಂಶ ಪಕ್ಕಕ್ಕೆ ವ್ಯಯವಾಗುವುದರಿಂದ ಮೂಗು ತಗ್ಗಿ ಎತ್ತರ ಕುಗ್ಗತೊಡಗುತ್ತದೆ. ಚಾಲಕನಿಗೆ ತಿರುವು ತಿಳಿಯದು, ಇಳಿಯುತ್ತಿರುವುದು ಮಾತ್ರ ತಿಳಿಯುತ್ತದೆ. ಸಹಜವಾಗಿಯೇ ಅವನು ಮೂಗನ್ನೆತ್ತಲು ಹಿಡಿಯನ್ನು ತನ್ನ ಕಡೆಗೆ ಎಳೆಯುತ್ತಾನೆ. ಆದರೆ ಪಕ್ಕಕ್ಕೆ ವಾಲಿದ ವಿಮಾನದಲ್ಲಿ ಹಾಗೆ ಎಳೆದರೆ ಏರುವುದಕ್ಕೆ ಬದಲಾಗಿ ತಿರುವು ಬಿಗಿಯಾಗುತ್ತದೆ, ಸುರುಳಿ ಕಿರಿದಾಗುತ್ತದೆ, ಇಳಿತ ಇನ್ನೂ ಹೆಚ್ಚುತ್ತದೆ. ಅಕಸ್ಮಾತ್ತಾಗಿ ರೆಕ್ಕೆಗಳನ್ನು ಸಮಗೊಳಿಸಿದನೋ, ಬೋಗುಣಿಯ ದಳದಂತೆ ಕಿವಿಯ ದ್ರವ ಮುಂದೋಡಿ, ಈಗ ಎದುರು ದಿಕ್ಕಿಗೆ ತಿರುಗುತ್ತಿದ್ದೇನೆಂಬ ಭ್ರಾಂತಿ ಹುಟ್ಟಿಸುತ್ತದೆ. ಆ ಭ್ರಾಂತಿಯನ್ನು ತಿದ್ದಲು ಹೊರಟವನು ಮತ್ತೆ ಹಳೆಯ ಸುರುಳಿಗೇ ಬೀಳುತ್ತಾನೆ. ಹಗ್ಗವನ್ನು ಹಾವೆಂದು ಕಂಡವನಿಗೆ ದೀಪ ತಂದರೆ ಹಾವು ಮಾಯವಾಗುತ್ತದೆ. ಈ ಭ್ರಾಂತಿ ಹಾಗಲ್ಲ. ಇದು ಭ್ರಾಂತಿಯೆಂದು ಉಪಕರಣ ತೋರಿಸಿಕೊಟ್ಟ ಮೇಲೂ ದೇಹದಲ್ಲಿ ಹಾಗೆಯೇ ಉಳಿದು ಕಾಡುತ್ತದೆ, ಅದರೊಡನೆ ಸೆಣಸುತ್ತಲೇ ಹಾರಬೇಕು. ತನಗೆ ಖಂಡಿತವೆಂದು ತೋರುವುದನ್ನು ಖಂಡಿತವಾಗಿ ಅಲ್ಲಗಳೆಯುವ ಈ ಅಭ್ಯಾಸವು ಬುದ್ಧಿವಂತಿಕೆಯಿಂದ ಬರುವುದಲ್ಲ, ಪುನಃ ಪುನಃ ಮಾಡಿದ ಸಾಧನೆಯಿಂದ ಬರುವುದು. ಇಲಿನಾಯ್‌ನವರು ಆ ಪ್ರಯೋಗ ನಡೆಸಿದ್ದೂ ಹೆದರಿಸುವುದಕ್ಕಲ್ಲ, ಅಂತಹ ಸಾಧನೆಯ ಪಾಠವೊಂದನ್ನು ರೂಪಿಸುವುದಕ್ಕೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಉಪಕರಣಕ್ಕೂ ಅನ್ವಯಿಸುತ್ತದೆ ಎಂಬುದಕ್ಕೆ ನಮ್ಮದೇ ಕಡಲು ಸಾಕ್ಷಿ. 1978ರ ಹೊಸ ವರ್ಷದ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ಎಂಬ ಭಾರಿ ಜಂಬೊ ವಿಮಾನ, ಊರಿನ ದೀಪಗಳನ್ನು ದಾಟಿ ಅರಬ್ಬೀ ಸಮುದ್ರದ ಕತ್ತಲೆಯ ಮೇಲೆ ಬಂದೊಡನೆ, ಕ್ಯಾಪ್ಟನ್ನರ ಮುಂದಿನ ಕೃತಕ ದಿಗಂತ ಕೆಟ್ಟು ಬಲಕ್ಕೆ ವಾಲಿರುವಂತೆ ತೋರಿಸಿತು. ಅವರು ಅದನ್ನು ನಂಬಿ ಎಡಕ್ಕೆ ವಾಲಿಸಿದರು. ಹೊರಗೆ ನಿಜವಾದ ದಿಗಂತ ಕಾಣದು, ದೇಹ ತುಟಿ ಬಿಚ್ಚದು. 213 ಮಂದಿಯೂ ಬಾಂದ್ರಾ ತೀರದಾಚೆ ನೀರಿನ ಪಾಲಾದರು. ಸಹಚಾಲಕನ ಮುಂದಿದ್ದ ಇನ್ನೊಂದು ದಿಗಂತ ಸರಿಯಾಗಿತ್ತು. ಒಂದು ಮುಳ್ಳನ್ನು ಇನ್ನೊಂದರೊಡನೆ ತಾಳೆ ನೋಡುತ್ತಲೇ ಇರಬೇಕೆಂಬುದು ಉಪಕರಣ ಹಾರಾಟದ ಮೊದಲ ಪಾಠವಾಗಿರುವುದು ಇದಕ್ಕಾಗಿ.

ಬೆಂಗಳೂರಿನ ವಿಮಾನಪುರದಲ್ಲಿ ವಾಯುಸೇನೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯೊಂದು 1957ರಿಂದ ಇದೆ. ಯುದ್ಧವಿಮಾನ ನಡೆಸುವ ತರುಣರಿಗೆ ಈ ಭ್ರಾಂತಿಗಳನ್ನು ನೆಲದ ಮೇಲೆಯೇ ಅನುಭವಕ್ಕೆ ತಂದುಕೊಡುವ ಯಂತ್ರ ಅಲ್ಲಿದೆ. ಕಣ್ಣು ಮುಚ್ಚಿ ತಿರುಗುವವನು ತಾನು ನಿಂತಿದ್ದೇನೆಂದು ಹೇಳುವಾಗ ಸುತ್ತ ನಿಂತ ಗೆಳೆಯರು ಅವನು ತಿರುಗುವುದನ್ನು ನೋಡುತ್ತಿರುತ್ತಾರೆ. ನೂರು ಉಪನ್ಯಾಸಗಳು ಕಲಿಸಲಾರದ್ದನ್ನು ಆ ಒಂದು ನಿಮಿಷ ಕಲಿಸುತ್ತದೆ. ಮಾಡಿ ನೋಡಬಯಸುವ ಓದುಗರಿಗೆ ಮನೆಯಲ್ಲಿ ತಿರುಗುವ ಕುರ್ಚಿಯೊಂದಿದ್ದರೆ ಸಾಕು, ಒಬ್ಬರು ಹಿಡಿದುಕೊಳ್ಳಲು ಪಕ್ಕದಲ್ಲಿರಲಿ.

ಕೆನಡಿಯವರ ವಿಮಾನ ದ್ವೀಪದ ಗೇ ಹೆಡ್ ಎಂಬ ತುದಿಯಿಂದ ಏಳೂವರೆ ಮೈಲಿ ನೈಋತ್ಯಕ್ಕೆ, ಸುಮಾರು 120 ಅಡಿ ಆಳದ ನೀರಿನಲ್ಲಿ ಪತ್ತೆಯಾಯಿತು. ಜುಲೈ 21ರಂದು ನೌಕಾದಳದ ಮುಳುಗುಗಾರರು ಮೂವರ ದೇಹಗಳನ್ನೂ ಮೇಲೆ ತಂದರು. ಮರುದಿನ ಯುದ್ಧನೌಕೆಯೊಂದರ ಮೇಲಿನಿಂದ ಮೂವರ ಚಿತಾಭಸ್ಮವನ್ನೂ ಅದೇ ಕಡಲಿಗೆ ಅರ್ಪಿಸಲಾಯಿತು. ಒಂದು ವರ್ಷದ ತನಿಖೆಯ ಬಳಿಕ, 2000ದ ಜುಲೈನಲ್ಲಿ, ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ತನ್ನ ನಿರ್ಣಯವನ್ನು ಪ್ರಕಟಿಸಿತು: ರಾತ್ರಿ ನೀರಿನ ಮೇಲೆ ಇಳಿಯುವಾಗ ದಿಕ್ಕಿನ ಭ್ರಾಂತಿಗೊಳಗಾಗಿ ಚಾಲಕನು ವಿಮಾನದ ಹತೋಟಿಯನ್ನು ಕಳೆದುಕೊಂಡದ್ದು ಕಾರಣ, ಮಬ್ಬು ಮತ್ತು ಕತ್ತಲೆ ಅದಕ್ಕೆ ಪೋಷಕ. ಎಂಜಿನ್ನಿನಲ್ಲಾಗಲಿ ವಿಮಾನದ ಬೇರಾವ ಭಾಗದಲ್ಲಾಗಲಿ ಮೊದಲೇ ದೋಷವಿತ್ತೆಂಬುದಕ್ಕೆ ಕುರುಹು ಸಿಗಲಿಲ್ಲ. ಆ ವಿಮಾನದಲ್ಲಿ, ಮನುಷ್ಯನ ಕಿವಿಯ ಹಂಗಿಲ್ಲದೆ ರೆಕ್ಕೆಗಳನ್ನು ಸಮವಾಗಿ ನಿಲ್ಲಿಸಬಲ್ಲ ಆಟೋಪೈಲಟ್ ಕೂಡ ಇತ್ತು.